ಗರಡಿಯ ಗಿಡ್ಡ ಬಾಗಿಲು

ನಮ್ಮ ಬಡಾವಣೆಯ ಉದ್ಯಾನದ ಒಂದು ಮೂಲೆಯಲ್ಲಿ ಹಳದಿ ನೀಲಿ ಬಣ್ಣದ ಏಳೆಂಟು ಕಬ್ಬಿಣದ ಯಂತ್ರಗಳನ್ನು ನೆಟ್ಟಿದ್ದಾರೆ. ಒಂದರ ಮೇಲೆ ನಿಂತು ಕಾಲುಗಳನ್ನು ಹಿಂದೆ ಮುಂದೆ ಬೀಸಬೇಕು, ಇನ್ನೊಂದರಲ್ಲಿ ಕುಳಿತು ಹಿಡಿಕೆಯನ್ನು ಎಳೆಯಬೇಕು, ಮತ್ತೊಂದರಲ್ಲಿ ಗಾಲಿಯನ್ನು ತಿರುಗಿಸಬೇಕು. ಬೆಳಗಿನ ಆರು ಗಂಟೆಗೆ ಅಲ್ಲಿಗೆ ಹೋದರೆ ಶಾಲೆಯ ಮಕ್ಕಳಿಂದ ಹಿಡಿದು ನನ್ನಂತೆ ಎಂಬತ್ತನ್ನು ಸಮೀಪಿಸಿದವರವರೆಗೆ ಎಲ್ಲ ವಯಸ್ಸಿನವರೂ ಕಾಣಸಿಗುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು ತೊಟ್ಟ ಅಜ್ಜಿಯರಂತೂ ಒಂದು ದಿನವೂ ತಪ್ಪಿಸುವುದಿಲ್ಲ. ಅಲ್ಲಿ ಪರಿಚಯವಾದ ತರುಣರೊಬ್ಬರು ಈಚೆಗೆ ಒಂದು ದಿನ, "ಮೇಷ್ಟ್ರೇ, ನಿಮ್ಮ ಕಾಲದಲ್ಲಿ ಇಂಥ ಅನುಕೂಲಗಳು ಇರಲಿಲ್ಲ ಅಲ್ಲವೇ?" ಎಂದು ಕೇಳಿದರು. "ಏಕಿರಲಿಲ್ಲ? ಕೇರಿಗೊಂದು ಗರಡಿ ಇತ್ತು" ಎಂದು ತುಸು ಜಂಬದಿಂದಲೇ ಉತ್ತರಿಸಿದೆ. ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತಿದ್ದ ನನ್ನ ಅಕ್ಕ, "ಯಾರಿಗಿತ್ತು?" ಎಂದಳು.

ಆ ಒಂದು ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೂವತ್ತೈದು ವರ್ಷ ಇತಿಹಾಸ ಪಾಠ ಹೇಳಿದವನು ಹೀಗೆ ಬಾಯಿ ಮುಚ್ಚಿಕೊಂಡು ಕುಳಿತದ್ದು ಕಡಮೆ. ಮನೆಗೆ ಬಂದ ಮೇಲೆ ಹಳೆಯ ಟಿಪ್ಪಣಿಗಳನ್ನು ತೆರೆದು ಕುಳಿತೆ. ಈ ಲೇಖನ ಅದರ ಫಲ.

ನಾವು ಮೈಸೂರಿನವರು. 1950ರ ದಶಕದ ನಡುವಿನಲ್ಲಿ, ನನಗೆ ಒಂಬತ್ತು ಹತ್ತು ವರ್ಷವಿದ್ದಾಗ, ನಮ್ಮ ಕೇರಿಯ ಗರಡಿಗೆ ನನ್ನನ್ನು ಹಾಕಿದರು. ನಾನು ಹುಟ್ಟಾ ಪೀಚಲು. ತಿಂಗಳಿಗೊಮ್ಮೆ ಜ್ವರ, ಮಳೆಗಾಲವಿಡೀ ಕೆಮ್ಮು. "ಹುಡುಗ ಒಂದಿಷ್ಟು ಗಟ್ಟಿಯಾಗಲಿ" ಎಂದು ತಂದೆಯವರ ಅಪೇಕ್ಷೆ. ಬೆಳಗಿನ ಜಾವ ಐದಕ್ಕೆ, ಇನ್ನೂ ಕತ್ತಲಿರುವಾಗಲೇ ಹೋಗಬೇಕು. ನನಗೆ ಒಬ್ಬನೇ ಹೋಗಲು ಭಯ. ಆದ್ದರಿಂದ ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಲಾಟೀನು ಹಿಡಿದು ಜೊತೆಗೆ ಬರುತ್ತಿದ್ದಳು. ಗರಡಿಯೊಳಕ್ಕೆ ಅವಳಿಗೆ ಪ್ರವೇಶವಿಲ್ಲ. ಎದುರು ಮನೆಯ ಜಗಲಿಯ ಮೇಲೆ ಶಾಲು ಹೊದ್ದು ಕುಳಿತಿರುತ್ತಿದ್ದಳು.

ಮೈಸೂರಿನ ಹಳೆಯ ಗರಡಿಗಳನ್ನು ಕಂಡವರಿಗೆ ಗೊತ್ತು: ಗೋಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕಿಟಕಿಯೆಂದರೆ ಬೆಳಕಿಂಡಿ ಮಾತ್ರ, ಬಾಗಿಲು ಬಹಳ ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿ, ಮೈ ಮುದುಡಿಯೇ ಒಳಕ್ಕೆ ಹೋಗಬೇಕು. ಒಳಗೆ ಕಾಲಿಡುತ್ತಲೇ ಎಣ್ಣೆ, ಕರ್ಪೂರ, ಬೆವರು ಬೆರೆತ ಒಂದು ವಾಸನೆ. ಎದುರು ಗೋಡೆಯಲ್ಲಿ ಹನುಮಂತನ ಮೂರ್ತಿ. ನಡುವೆ ಮಟ್ಟಿ, ಅಂದರೆ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಮೊದಲಾದವನ್ನು ಬೆರೆಸಿ ಹದಮಾಡಿದ ಕುಸ್ತಿಯ ಕಣ. ಆ ಮಣ್ಣನ್ನು ದಿನವೂ ಸನಿಕೆಯಿಂದ ಅಗೆದು ಸಡಿಲ ಮಾಡಬೇಕು. ಹಾಗೆ ಅಗೆಯುವುದೇ ಹೊಸಬರಿಗೆ ಮೊದಲ ವ್ಯಾಯಾಮ. ಮೂಲೆಯಲ್ಲಿ ಗದೆ, ಲೋಡು, ಕಲ್ಲುಗುಂಡು. ಮೊದಲು ದಂಡ, ಬಸ್ಕಿ. ಎಷ್ಟೋ ತಿಂಗಳಾದ ಮೇಲೆ ಮಟ್ಟಿಗೆ ಇಳಿದು ಪಟ್ಟುಗಳ ಅಭ್ಯಾಸ. ಉಸ್ತಾದರು ಎಣಿಸುತ್ತಿದ್ದರು. ಎಣಿಸುವಾಗ ಇಪ್ಪತ್ತಾದ ಮೇಲೆ ಪುನಃ ಹದಿನೈದಕ್ಕೆ ಹಿಂದಿರುಗುವುದು ಅವರ ಅಭ್ಯಾಸ. ಅದು ಮರೆವೋ ಜಾಣತನವೋ ನಮಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಹನುಮಂತನ ಎದುರಿಗೆ ನಡೆಯುವ ಈ ಸಾಧನೆಯ ಮಾತುಗಳು ಯಾವುವು? ಉಸ್ತಾದ್, ತಾಲೀಮು, ಪೈಲ್ವಾನ್, ಅಖಾಡ. ಅರಬ್ಬಿ, ಪಾರಸಿ, ಹಿಂದೂಸ್ತಾನಿ ಎಲ್ಲ ಮಟ್ಟಿಯ ಮಣ್ಣಿನಲ್ಲಿ ಬೆರೆತುಹೋಗಿವೆ. ತುಳುನಾಡಿಗೆ ಹೋದರೆ ಇದೇ 'ಗರಡಿ' ಎಂಬ ಮಾತು ಕೋಟಿ ಚೆನ್ನಯರ ಆರಾಧನೆಯ ಸ್ಥಾನವಾಗುತ್ತದೆ. ಇನ್ನು ನಮ್ಮ ಸಾಹಿತಿಗಳೂ ಸಂಗೀತಗಾರರೂ ದಂಡ ಹೊಡೆಯದೆಯೇ ಯಾರದೋ 'ಗರಡಿಯಲ್ಲಿ ಪಳಗಿದವರು' ಎನ್ನಿಸಿಕೊಳ್ಳುತ್ತಾರೆ.

ಗರಡಿಯ ಹಿಂದೆ ಅರಮನೆಯಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮಲ್ಲರ ವರ್ಗಗಳು, ಅವರ ಅಭ್ಯಾಸ, ಆಹಾರ ಎಲ್ಲವೂ ಅಲ್ಲಿ ಬರುತ್ತವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮೊದಲೇ ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಬಳಿದುಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದನಂತೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿವರಸೆ. ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ. ಆಮೇಲೆ ಬೆಳಗಾಗುವವರೆಗೆ ಕುದುರೆಸವಾರಿ. ತರಗತಿಯಲ್ಲಿ ಈ ಪಾಠ ಬಂದಾಗ ಹುಡುಗರ ಕಣ್ಣು ಅರಳುತ್ತಿದ್ದವು. (ಎಳ್ಳೆಣ್ಣೆ ಕುಡಿಯುವ ಪ್ರಯೋಗವನ್ನು ಒಬ್ಬ ಹುಡುಗ ನಿಜವಾಗಿಯೂ ಮಾಡಿ ಮೂರು ದಿನ ಶಾಲೆಗೆ ಬರಲಿಲ್ಲ. ಅವನ ತಾಯಿ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.)

ಆದರೆ ಅದೇ ವಿಜಯನಗರದ ಬಗ್ಗೆ, ಕೆಲವು ವರ್ಷಗಳ ತರುವಾಯ, ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾವ್ ನೂನಿಜ್ ಇನ್ನೊಂದು ವಿಷಯ ಹೇಳುತ್ತಾನೆ. ಅರಮನೆಯ ಸೇವೆಯಲ್ಲಿದ್ದ ಹೆಂಗಸರ ಪಟ್ಟಿಯಲ್ಲಿ ಲೆಕ್ಕ ಬರೆಯುವವರು, ಜ್ಯೋತಿಷ್ಯ ಹೇಳುವವರು ಇವರ ಜೊತೆಗೆ ಕುಸ್ತಿಯಾಡುವ ಹೆಂಗಸರೂ ಇದ್ದರು ಎಂದು. ಈ ಸಾಲನ್ನು ನಾನು ಅಷ್ಟೂ ವರ್ಷ ಓದಿದ್ದೆ. ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲ. ಹೇಳಬಾರದೆಂದಲ್ಲ; ಹೇಳತಕ್ಕ ವಿಷಯವೆಂದು ತೋಚಲೇ ಇಲ್ಲ.

ಮೈಸೂರಿನ ಒಡೆಯರ ಕಾಲದಲ್ಲಿ ಜಟ್ಟಿಗಳಿಗೆ ದೊರೆತ ಆಶ್ರಯ ಎಲ್ಲರಿಗೂ ತಿಳಿದದ್ದೇ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಇಂದಿಗೂ ಉಳಿದಿದೆ. ಮೊದಲ ರಕ್ತದ ಹನಿ ಕಂಡೊಡನೆ ಅದು ಮುಗಿಯುತ್ತದೆ. ದಸರೆಯಲ್ಲಿ ಕುಸ್ತಿಯಾಡುವುದೇ ಪ್ರತಿ ಕೇರಿಯ ಗರಡಿಗೂ ವರ್ಷದ ಗುರಿ. ಉತ್ತರ ಕರ್ನಾಟಕದಲ್ಲಿ ಜಾತ್ರೆಗಳ ಕುಸ್ತಿ, ಸಂಗ್ರಾಣಿ ಕಲ್ಲೆತ್ತುವ ಪಂಥ. ಇವೆಲ್ಲ ಊರಿನವರೇ ಕಟ್ಟಿ, ಊರಿನವರೇ ನಡೆಸಿದ ವ್ಯವಸ್ಥೆಗಳು. ಉಸ್ತಾದರಿಗೆ ಸಂಬಳವಿರಲಿಲ್ಲ, ನಮ್ಮ ಉಸ್ತಾದರು ಹಗಲು ಹೊತ್ತು ಸೌದೆ ಡಿಪೋದಲ್ಲಿ ತೂಕ ಹಾಕುತ್ತಿದ್ದರು. ಒಂದು ದಿನ ನಾನು ಹೋಗದಿದ್ದರೆ ಸಂಜೆ ಮನೆಯ ಮುಂದೆ ನಿಂತು "ಎಲ್ಲಿ ನಿಮ್ಮ ಹುಡುಗ?" ಎಂದು ವಿಚಾರಿಸುತ್ತಿದ್ದರು. ಈಗಿನ ಯಂತ್ರಗಳಲ್ಲಿ ಈ ಗುಣವಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಇದೊಂದು ಹೊಗಳಿಕೆಯ ಲೇಖನವಾಗುತ್ತಿತ್ತು. ಆದರೆ ಗರಡಿಯ ಗಿಡ್ಡ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಒಂದೊಂದು ಗರಡಿಗೆ ಒಂದೊಂದು ಕೇರಿ. ಕೇರಿಯೆಂದರೆ ಆ ಕಾಲಕ್ಕೆ ಬಹುಮಟ್ಟಿಗೆ ಜಾತಿಯೇ. ವಯಸ್ಸಾದವರು ಬಂದರೆ ಗೋಡೆಗೊರಗಿ ಕುಳಿತು ಹಳೆಯ ದಸರೆಯ ಕಥೆ ಹೇಳಬಹುದಿತ್ತೇ ಹೊರತು ಮೈ ಬಗ್ಗಿಸುವುದಕ್ಕೆ ಅಲ್ಲಿ ಅವರಿಗೆ ಏನೂ ಇರಲಿಲ್ಲ. ಹೆಂಗಸರ ಮಾತಂತೂ ಬೇಡವೇ ಬೇಡ. "ಬೀಸುವುದು, ಕುಟ್ಟುವುದು, ನೀರು ಸೇದುವುದು, ಇದಕ್ಕಿಂತ ವ್ಯಾಯಾಮ ಬೇಕೆ?" ಎಂಬ ಮಾತು ಸಿದ್ಧವಾಗಿರುತ್ತಿತ್ತು. ದುಡಿಮೆಯನ್ನೂ ವ್ಯಾಯಾಮವನ್ನೂ ಒಂದೇ ತಕ್ಕಡಿಗೆ ಹಾಕಿದ ಮಾತು ಇದು. ದುಡಿಮೆಯಲ್ಲಿ ಮೈಯ ಒಂದು ಭಾಗ ಸವೆಯುತ್ತದೆ. ವ್ಯಾಯಾಮದಲ್ಲಿ ಮೈಯೆಲ್ಲ ಅರಳುತ್ತದೆ. ಮೇಲಾಗಿ ದುಡಿಮೆ ಪರರಿಗಾಗಿ, ವ್ಯಾಯಾಮ ತನಗಾಗಿ. ಹೆಂಗಸರಿಗೆ 'ತನಗಾಗಿ' ಎಂಬ ಒಂದು ಗಂಟೆ ಸಿಕ್ಕುತ್ತಿದ್ದದ್ದು ನಾಗರಪಂಚಮಿಯ ಜೋಕಾಲಿಯಲ್ಲಿ, ಕೋಲಾಟದಲ್ಲಿ. ಅದೂ ವರ್ಷಕ್ಕೊಮ್ಮೆ.

ಈ ಬಾಗಿಲು ಅಗಲವಾದದ್ದು ಹೇಗೆ? ಇಪ್ಪತ್ತನೆಯ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ನಮ್ಮ ನಾಡಿನಲ್ಲಿ ನಡೆದ ಕೆಲವು ಪ್ರಯತ್ನಗಳು ಈ ದೃಷ್ಟಿಯಿಂದ ಬಹಳ ಕುತೂಹಲಕರವಾಗಿವೆ.

ಮೊದಲಿಗೆ ಬೆಂಗಳೂರಿನ ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ, ಕೈಲಾಸಂ ಅವರ ಆಪ್ತರಾಗಿ ಕನ್ನಡಿಗರು ಅವರನ್ನು ಬಲ್ಲರು. 1897ರಲ್ಲಿ ಕೋಲಾರ ಸೀಮೆಯಲ್ಲಿ ಹುಟ್ಟಿದ ಈ ಕೋಲಾರ ವೆಂಕಟೇಶ ಅಯ್ಯರ್ ವೃತ್ತಿಯಿಂದ ವ್ಯಾಯಾಮಶಿಕ್ಷಕರು. ಯುರೋಪಿನ ಪ್ರಸಿದ್ಧ ಬಲಶಾಲಿ ಯೂಜಿನ್ ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಹೋದ ಮೇಲೆ ಇಲ್ಲಿನ ಎಷ್ಟೋ ತರುಣರಿಗೆ ಡಂಬೆಲ್ಲಿನ ಹುಚ್ಚು ಹಿಡಿದಿತ್ತು. ಅಯ್ಯರ್ ಬೆಂಗಳೂರಿನಲ್ಲಿ ನಡೆಸಿದ 'ಹರ್ಕ್ಯುಲಿಸ್ ಜಿಮ್ನೇಷಿಯಂ'ನಲ್ಲಿ ಪಾಶ್ಚಾತ್ಯರ ಭಾರದ ಕಂಬಿಗಳೂ ನಮ್ಮ ಆಸನಗಳೂ ಜೊತೆಜೊತೆಗೆ ನಡೆದವು. ಮುಂದೆ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ನೆಲೆಗೊಂಡಿತು. ಅವರ ಶಿಷ್ಯರಲ್ಲಿ ಒಬ್ಬರಾದ ರಮೇಶ ಬಾಲ್ಸೇಕರ್ ಮುಂದೆ ಬ್ಯಾಂಕಿನ ಉನ್ನತಾಧಿಕಾರಿಯಾಗಿ, ಆಮೇಲೆ ಮುಂಬಯಿಯಲ್ಲಿ ಅದ್ವೈತದ ಉಪದೇಶಕರಾಗಿ ಹೆಸರಾದರು. ದೇಹದಿಂದ ಹೊರಟು 'ದೇಹ ನಾನಲ್ಲ' ಎಂಬಲ್ಲಿಗೆ ತಲುಪಿದ ಪಯಣ!

ನನಗೆ ಮುಖ್ಯವೆನಿಸುವುದು ಅಯ್ಯರ್ ಅವರ ಅಂಚೆ ಶಿಕ್ಷಣ. ದೂರದೂರಿನಲ್ಲಿ ಕುಳಿತವರೂ ತಮ್ಮ ದೇಹಸ್ಥಿತಿಯನ್ನು ಬರೆದು ಕಳುಹಿಸಿ, ಅಂಚೆಯ ಮೂಲಕವೇ ಪಾಠ ಪಡೆಯಬಹುದಿತ್ತು. ಇದರಲ್ಲೇನು ಅಂಥ ವಿಶೇಷ ಎಂದು ಈಗಿನವರು ಕೇಳಬಹುದು. ಗರಡಿಗೆ ಹೋಗಬೇಕಾದರೆ ಕೇರಿ ಬೇಕು, ಜಾತಿ ಬೇಕು, ಒಂದಿಷ್ಟು ಮೈಕಟ್ಟೂ ಬೇಕು. ಪೀಚಲು ಹುಡುಗ ಹತ್ತು ಜನರ ಮುಂದೆ ಅಂಗಿ ಕಳಚಲು ನಾಚುತ್ತಾನೆ. ಅಂಚೆಚೀಟಿಗೆ ಇದು ಯಾವುದೂ ಬೇಡ. ನನ್ನ ತಂದೆಯವರ ಪೆಟ್ಟಿಗೆಯಲ್ಲಿ ಇಂಥದೊಂದು ವ್ಯಾಯಾಮದ ಚಿತ್ರಪಟ ಮಡಿಸಿಟ್ಟದ್ದು ಅವರು ತೀರಿಕೊಂಡ ಮೇಲೆ ನಮ್ಮ ಕೈಗೆ ಬಂತು. ಅಂಚು ಸವೆದು, ಮಡಿಕೆಯ ಜಾಗದಲ್ಲಿ ಹರಿದಿತ್ತು. ಮೂರು ಹೊತ್ತೂ ಕೋಟು ತೊಟ್ಟು ಗುಮಾಸ್ತಿಕೆ ಮಾಡಿದ ಅವರು ಬಾಗಿಲು ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದರೆಂದು ಊಹಿಸುವುದೇ ನಮಗೆ ಕಷ್ಟವಾಯಿತು. ಅಕ್ಕ ಮಾತ್ರ, "ನನಗೆ ಗೊತ್ತಿತ್ತು, ನೆಲ ಅದುರುತ್ತಿತ್ತು" ಎಂದಳು.

ಇನ್ನೊಂದು ಪ್ರಯತ್ನ ಔಂಧ್ ಎಂಬ ಪುಟ್ಟ ಸಂಸ್ಥಾನದ್ದು. ಸಾತಾರದ ಕಡೆಯ ಈ ಸಂಸ್ಥಾನಕ್ಕೂ ನಮಗೂ ಏನು ಸಂಬಂಧವೆಂದು ಕೇಳಬೇಡಿ. ಬಿಜಾಪುರ ಜಿಲ್ಲೆಯ ಗುಣದಾಳ ಆ ಸಂಸ್ಥಾನಕ್ಕೆ ಸೇರಿತ್ತು. 1909ರಿಂದ ಸಂಸ್ಥಾನದ ವಿಲೀನದವರೆಗೆ ಆಳಿದ ಭವಾನರಾವ್ ಪಂತಪ್ರತಿನಿಧಿಯವರು ಮೊದಲಿಗೆ ಸ್ಯಾಂಡೋವಿನ ವಿಧಾನವನ್ನೇ ವರ್ಷಗಟ್ಟಲೆ ಅನುಸರಿಸಿದವರು. ಆಮೇಲೆ ಸೂರ್ಯನಮಸ್ಕಾರಕ್ಕೆ ಮನಸೋತರು. ಅದಕ್ಕೆ ಉಪಕರಣ ಬೇಡ, ಮೈದಾನ ಬೇಡ, ಹಣ ಬೇಡ. ಮೈಯನ್ನು ನೀಡುವಷ್ಟು ನೆಲ ಸಾಕು. ತಾವು ಮಾಡಿದ್ದಲ್ಲದೆ ರಾಣಿಯವರಿಂದಲೂ ಮಾಡಿಸಿದರು, ಸಂಸ್ಥಾನದ ಶಾಲೆಗಳಲ್ಲಿ ಹುಡುಗ ಹುಡುಗಿಯರೆನ್ನದೆ ಕಡ್ಡಾಯಗೊಳಿಸಿದರು. 1938ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ 'ದಿ ಟೆನ್ ಪಾಯಿಂಟ್ ವೇ ಟು ಹೆಲ್ತ್' ಎಂಬ ಹೆಸರಿನಲ್ಲಿ ಹೊರಬಂದಿತು. ಇಂದು ಇದನ್ನು ವೇದಕಾಲದಿಂದ ಇದ್ದಂತೆಯೇ ಬಂದ ವ್ಯಾಯಾಮವೆಂದು ಹೇಳುವವರಿದ್ದಾರೆ. ಸೂರ್ಯನಿಗೆ ನಮಸ್ಕರಿಸುವುದು ಪುರಾತನವಿರಬಹುದು. ಊರಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ದೇಹದಾರ್ಢ್ಯಕ್ಕಾಗಿ ಮಾಡಿಸುವ ಪದ್ಧತಿಗೆ ನೂರು ವರ್ಷದ ಆಚೆ ಈಚೆ ವಯಸ್ಸು, ಅದರ ಹಿಂದೆ ಒಬ್ಬ ರಾಜನ ಹಠ. ಇದರಿಂದ ಅದರ ಬೆಲೆ ಕುಂದುವುದಿಲ್ಲವೆಂದು ನನ್ನ ಎಣಿಕೆ. ಹಾಗೆಯೇ, ಪ್ರಜೆಗಳಿಂದ ಬಲವಂತವಾಗಿ ನಮಸ್ಕಾರ ಮಾಡಿಸುವುದು ರಾಜನಿಗಷ್ಟೇ ಸಾಧ್ಯವೆಂಬುದನ್ನೂ ಮರೆಯಬಾರದು.

ಹುಬ್ಬಳ್ಳಿಯಲ್ಲಿ ಡಾ. ನಾ.ಸು. ಹರ್ಡೀಕರ್ ಅವರ ಹಿಂದೂಸ್ತಾನೀ ಸೇವಾದಳ ಇದೇ ಕಾಲದ್ದು. 1923ರಲ್ಲಿ ಹುಟ್ಟಿದ ಈ ದಳದ ಕವಾಯತು, ಶಿಸ್ತು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಎಲ್ಲರ ಕಣ್ಣಿಗೆ ಬಿದ್ದಿತು. ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರ ಉದ್ದೇಶ ದೇಹವಷ್ಟೇ ಅಲ್ಲ, ದೇಶ. ಆದರೂ ಹೆಣ್ಣುಮಕ್ಕಳು ಬಯಲಿನಲ್ಲಿ ಸಾಲಾಗಿ ನಿಂತು ಕವಾಯತು ಮಾಡಬಹುದೆಂಬುದನ್ನು ಜನ ಕಂಡರು.

ಈಗ ಮೈಸೂರಿಗೆ ಹಿಂದಿರುಗುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ನಡೆಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು, ಮಹಾ ವಿದ್ವಾಂಸರು, ಅಷ್ಟೇ ಮುಂಗೋಪಿಗಳು. ಅವರ 'ಯೋಗಮಕರಂದ' ಕನ್ನಡದಲ್ಲಿಯೇ ಮೊದಲು ಬಂದದ್ದು ನಮಗೆ ಹೆಮ್ಮೆಯ ಸಂಗತಿ. ಅದೇ ಅರಮನೆಯ ಆವರಣದಲ್ಲಿ, ಯೋಗಶಾಲೆಗೆ ಕೂಗಳತೆಯಲ್ಲಿಯೇ, ಕೆ.ವಿ. ಅಯ್ಯರ್ ಅವರ ಹಿರಿಯ ಶಿಷ್ಯರೊಬ್ಬರು ನಡೆಸುತ್ತಿದ್ದ ವ್ಯಾಯಾಮಶಾಲೆಯೂ ಇತ್ತು. ಒಂದು ಕಡೆ ಉಸಿರಿನ ಎಣಿಕೆ, ಇನ್ನೊಂದು ಕಡೆ ಕಬ್ಬಿಣದ ಸದ್ದು. ಯೋಗಶಾಲೆಗೆ ಬರುತ್ತಿದ್ದವರಲ್ಲಿ ಅರಸು ಮನೆತನಗಳ ಹುಡುಗರೇ ಹೆಚ್ಚು. ಅಂದರೆ ಅಲ್ಲಿಯೂ ಬಾಗಿಲು ಗಿಡ್ಡವೇ. ಲಾಟ್ವಿಯಾದ ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಎಂಬ ವಿದೇಶೀ ಮಹಿಳೆ 1930ರ ದಶಕದ ಕೊನೆಯ ಭಾಗದಲ್ಲಿ ಕಲಿಯಲು ಬಂದಾಗ ಆಚಾರ್ಯರು ಮೊದಲು ಒಪ್ಪಲೇ ಇಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಂಡರು. ಆಕೆ ಮುಂದೆ ಅಮೆರಿಕದಲ್ಲಿ ಯೋಗವನ್ನು ಹರಡಿ 2002ರಲ್ಲಿ, ನೂರು ದಾಟಿದ ಮೇಲೆ, ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು.

ಇದಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಘಟನೆ ಧಾರವಾಡದ್ದು. ಆಚಾರ್ಯರ ಭಾವಮೈದುನ, ಕೋಲಾರ ಜಿಲ್ಲೆಯ ಬೆಳ್ಳೂರಿನ ಹುಡುಗ, ಮಲೇರಿಯ, ವಿಷಮಶೀತಜ್ವರ, ಕ್ಷಯ ಎಲ್ಲವನ್ನೂ ಕಂಡು ಕಡ್ಡಿಯಂತಾಗಿದ್ದವನು 1934ರಲ್ಲಿ ಮೈಸೂರಿಗೆ ಬಂದ. 1936ರಲ್ಲಿ ಆಚಾರ್ಯರ ತಂಡ ಉತ್ತರ ಕರ್ನಾಟಕದ ಕಡೆ ಪ್ರಾತ್ಯಕ್ಷಿಕೆಗಳಿಗೆ ಹೋಗಿದ್ದಾಗ ಧಾರವಾಡದ ಕೆಲವು ಮಹಿಳೆಯರು "ನಮಗೂ ಕಲಿಸಿ" ಎಂದು ಕೇಳಿದರು. ಪ್ರಾಯದ ಶಿಷ್ಯರನ್ನು ಹೆಂಗಸರಿಗೆ ಕಲಿಸಲು ಕಳುಹಿಸುವುದು ಹೇಗೆ? ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕೆ ಈ ಹುಡುಗನನ್ನು ನೇಮಿಸಿದರು. ಹೀಗೆ ಬಿ.ಕೆ.ಎಸ್. ಅಯ್ಯಂಗಾರರ ಅಧ್ಯಾಪನ ಆರಂಭವಾದದ್ದು ಧಾರವಾಡದ ಹೆಂಗಸರಿಂದ. ಮರುವರ್ಷ ಅವರು ಪುಣೆಗೆ ಹೋದರು. ಮುಂದಿನ ಕಥೆ ಜಗತ್ತಿಗೇ ಗೊತ್ತು. ಎಂಬತ್ತು ದಾಟಿದ್ದ ಬೆಲ್ಜಿಯಂನ ರಾಜಮಾತೆ ಎಲಿಜಬೆತ್ತರಿಗೆ ಅವರು ಶೀರ್ಷಾಸನ ಕಲಿಸಿದರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ನೆರವಿನಿಂದ ಮುದುಕರೂ ರೋಗಿಗಳೂ ಆಸನ ಮಾಡುವಂತೆ ದಾರಿ ಮಾಡಿದವರು ಅವರೇ. ಬಾಗಲಾರದವರಿಗಾಗಿ ಬಾಗಿಲನ್ನೇ ಎತ್ತರಿಸಿದರು ಎನ್ನಬಹುದು. ಆದರೆ ಆ ಧಾರವಾಡದ ಮಹಿಳೆಯರು ಯಾರು, ಆಮೇಲೆ ಅಭ್ಯಾಸವನ್ನು ಮುಂದುವರಿಸಿದರೆ, ಮನೆಯಲ್ಲಿ ಏನೆಂದರು? ನಾನು ಓದಿದ ಯಾವ ಪುಸ್ತಕದಲ್ಲಿಯೂ ಇದಿಲ್ಲ. ಕೇಳಿದವರು ಅವರು; ಹೆಸರು ಉಳಿದದ್ದು ಕಲಿಸಿದವರದು.

1950ರಲ್ಲಿ ಮೈಸೂರಿನ ಯೋಗಶಾಲೆ ಮುಚ್ಚಿತು. ಅರಸೊತ್ತಿಗೆ ಹೋದ ಮೇಲೆ ಅದನ್ನು ಹೊರುವವರು ಇರಲಿಲ್ಲ. ಅಲ್ಲಿ ಕಲಿತ ಹಾಸನದ ಕಡೆಯ ಪಟ್ಟಾಭಿ ಜೋಯಿಸರು ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳುತ್ತ, ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಅದನ್ನು ಬದುಕಿಸಿಕೊಂಡು ಬಂದರು. ನಾವು ಹುಡುಗರಾಗಿದ್ದಾಗ ಅವರ ಮನೆಯ ಮುಂದೆ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಒಳಗೆ ನಡೆಯುತ್ತಿದ್ದುದರ ಬೆಲೆ ಅಮೆರಿಕದವರು ಬಂದು ಹೇಳುವವರೆಗೆ ನಮಗೆ ತಿಳಿಯಲಿಲ್ಲ.

ಸ್ವಾತಂತ್ರ್ಯಾನಂತರ ಈ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು. 1959-60ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದೈಹಿಕ ಸಾಮರ್ಥ್ಯದ ಅಭಿಯಾನವೊಂದನ್ನು ಹಮ್ಮಿಕೊಂಡಿತು. ಓಟ, ಜಿಗಿತ, ಎಸೆತ, ಪ್ರತಿಯೊಂದಕ್ಕೂ ಇಂತಿಷ್ಟು ಎಂಬ ಮಟ್ಟ. ನಮ್ಮ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಪರೀಕ್ಷೆ ನಡೆಸಿದ್ದು ನೆನಪಿದೆ. ಕಚ್ಚೆಪಂಚೆಯ ಗುಮಾಸ್ತರೊಬ್ಬರು ಓಡಲು ಹೋಗಿ, ಪಂಚೆ ತೊಡರಿ ಬಿದ್ದು, ಎದ್ದು, ಮತ್ತೆ ಓಡಿ ಗೆರೆ ಮುಟ್ಟಿದಾಗ ಬಿದ್ದ ಚಪ್ಪಾಳೆ ಗೆದ್ದವರಿಗೂ ಬೀಳಲಿಲ್ಲ. ಎರಡು ಮೂರು ವರ್ಷ ನಡೆದ ಹಾಗಿತ್ತು. ಆಮೇಲೆ ಆ ಗೆರೆ ಎಳೆದದ್ದನ್ನು ನಾನು ಕಾಣೆ. ಮೇಲಿನಿಂದ ಬರುವ ಆಜ್ಞೆಗೆ ಉಸ್ತಾದರ ಹಾಗೆ ಸಂಜೆ ಮನೆಯ ಮುಂದೆ ಬಂದು ವಿಚಾರಿಸಲು ಬರುವುದಿಲ್ಲ.

ನನ್ನ ಒಂದು ತಪ್ಪನ್ನೂ ಇಲ್ಲಿ ಬರೆಯಲೇಬೇಕು. 1970ರ ದಶಕದಲ್ಲಿ ನಾನೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ವ್ಯಾಯಾಮ ಶಿಕ್ಷಕರ ಹುದ್ದೆ ಖಾಲಿಯಿದ್ದ ಎರಡು ವರ್ಷ ಆಟದ ಪಿರಿಯಡ್ಡುಗಳನ್ನು ನನಗೆ ವಹಿಸಿದ್ದರು. ಇದ್ದದ್ದು ಒಂದು ವಾಲಿಬಾಲು, ಒಂದು ಬಲೆ. ಹುಡುಗರು ಆಡುತ್ತಿದ್ದರು; ಹುಡುಗಿಯರನ್ನು ಹುಣಸೆಮರದ ಕೆಳಗೆ ಕೂರಿಸಿ ಕಸೂತಿ ಹಾಕಿಸುತ್ತಿದ್ದೆ. ಹಾಗೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತು, "ಸಾರ್, ನಮ್ಮ ಸರದಿ ಯಾವಾಗ?" ಎಂದಳು. "ಮನೇಲಿ ಎರಡು ಮೈಲಿಯಿಂದ ನೀರು ಹೊರ್ತೀಯಲ್ಲಮ್ಮ, ನಿನಗ್ಯಾಕೆ ಆಟ?" ಎಂದೆ. ಹುಡುಗರು ನಕ್ಕರು. ಅವಳು ಕೂತಳು. ಮೇಲೆ ಹೇಳಿದ ಆ ಸಿದ್ಧ ಮಾತು ಯಾವ ಊರ ಹಿರಿಯರದೂ ಅಲ್ಲ, ನನ್ನದೇ. ನೂನಿಜನನ್ನು ಓದಿಕೊಂಡಿದ್ದ ಇತಿಹಾಸದ ಮೇಷ್ಟರದು. ಆ ಪಿರಿಯಡ್ಡನ್ನು ಅರ್ಧರ್ಧ ಹಂಚಲು ನನಗೆ ಬೇಕಾಗಿದ್ದದ್ದು ಒಂದು ಸೀಟಿ ಮಾತ್ರ.

ಈಚಿನದು ನಿಮಗೆಲ್ಲ ಗೊತ್ತಿರುವುದೇ. 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿದೆ. 2022ರಲ್ಲಿ ಅದರ ಮುಖ್ಯ ಸಮಾರಂಭ ನಮ್ಮ ಅರಮನೆಯ ಮುಂದೆಯೇ ನಡೆದು ಸುಮಾರು 15,000 ಜನ ಸೇರಿದ್ದರು. 2019ರ ಆಗಸ್ಟ್ 29ರಂದು 'ಫಿಟ್ ಇಂಡಿಯಾ' ಬಂತು. 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ ಸುಮಾರು 450 ಬಾಡಿಗೆ ಸೈಕಲ್ಲುಗಳು ರಸ್ತೆಗಿಳಿದಾಗ ನಿವೃತ್ತರು ಕೆಲವರು ಐವತ್ತು ವರ್ಷದ ಮೇಲೆ ಸೈಕಲ್ಲು ಹತ್ತಿದರು. ನಾನೂ ಒಬ್ಬ, ಒಂದೇ ದಿನ. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಪಂದ್ಯಗಳು ನಡೆಯುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಮಾಡಬೇಕು. ಅರವತ್ತೈದು ದಾಟಿದವರು ಬೀಳದಂತೆ ಸಮತೋಲನದ ಅಭ್ಯಾಸವನ್ನೂ ವಾರಕ್ಕೆ ಮೂರು ದಿನವಾದರೂ ಸೇರಿಸಿಕೊಳ್ಳಬೇಕು. ನಮ್ಮ ಉಸ್ತಾದರ ಗರಡಿಯಲ್ಲಿ ಈ ಕೊನೆಯ ಬಾಬತ್ತು ಇರಲಿಲ್ಲ.

ನಮ್ಮ ಕೇರಿಯ ಗರಡಿ ಈಗಲೂ ಇದೆ. ಕಳೆದ ವಾರ ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಹೋಗಿದ್ದೆ. ಎಂಬತ್ತನಾಲ್ಕು ವರ್ಷ, ಮಂಡಿ ನೋವು ಬೇರೆ. ಬಾಗಿಲಿಗೆ ಬೀಗ ಹಾಕಿತ್ತು. ದಸರೆ ಹತ್ತಿರ ಬಂದಾಗ ತೆಗೆಯುತ್ತಾರೆಂದು ಪಕ್ಕದ ಅಂಗಡಿಯವರು ಹೇಳಿದರು. ಎದುರಿನ ಜಗಲಿ ಹೋಗಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಅಕ್ಕ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, "ನಾನು ಬಗ್ಗದೆಯೇ ಹೋಗಬಹುದಿತ್ತು ನೋಡು, ಆಗ ಅಷ್ಟೇ ಎತ್ತರ ಇದ್ದೆ" ಎಂದಳು.

ಮರುದಿನ ಬೆಳಿಗ್ಗೆ ಉದ್ಯಾನದಲ್ಲಿ ಅವಳು ಕಾಲು ಬೀಸುವ ಯಂತ್ರದ ಮೇಲೆ ನಿಂತು, ಕಂಬಿಯನ್ನು ಬಿಗಿಯಾಗಿ ಹಿಡಿದು, ಗಟ್ಟಿಯಾಗಿ ಎಣಿಸುತ್ತಿದ್ದಳು. ಇಪ್ಪತ್ತಾದ ಮೇಲೆ ಪುನಃ ಹದಿನೈದಕ್ಕೆ ಬಂದಳು. ನಾನು ತಿರುಗಿ ನೋಡಿದೆ. "ಜಗಲಿ ಮೇಲೆ ಕೂತು ಕೇಳಿಸಿಕೊಂಡಿದ್ದೇನಲ್ಲ" ಎಂದಳು. ಪಕ್ಕದ ಯಂತ್ರದ ಪೆಡಲು ಮುರಿದು ಮೂರು ತಿಂಗಳಾಗಿದೆ. ಸಂಬಂಧಪಟ್ಟ ಕಚೇರಿಗೆ ಎರಡು ಅರ್ಜಿ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮೂರನೆಯದಕ್ಕೆ ಅಕ್ಕನೂ ಸಹಿ ಹಾಕುತ್ತಾಳಂತೆ.